ಬ್ಯಾಡ್ಜ್ ಅವರಿಗೆ, ಸಹಿ ನಮಗೆ

ರೇಡಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡುವವರ ಎದೆ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಬ್ಯಾಡ್ಜ್ ಸಿಕ್ಕಿಸಿರುತ್ತೆ, ಗಮನಿಸಿದ್ದೀರಾ? ಹೆಸರಿನ ಬ್ಯಾಡ್ಜ್ ಅಲ್ಲ. ಅದರೊಳಗೆ ಮೂರು ಪುಟ್ಟ ಬಿಲ್ಲೆಗಳಿರುತ್ತವೆ. ಕ್ಯಾಲ್ಸಿಯಂ ಸಲ್ಫೇಟಿಗೆ ಚೂರೇ ಚೂರು ಡಿಸ್ಪ್ರೋಸಿಯಂ ಬೆರೆಸಿ ಮಾಡಿದ್ದು. ಬಾಬಾ ಅಣು ಸಂಶೋಧನಾ ಕೇಂದ್ರದವರು ನಮ್ಮಲ್ಲೇ ಬೆಳೆಸಿದ ವಿದ್ಯೆ ಇದು. ವಿಕಿರಣ ಬಿದ್ದರೆ ಬಿಲ್ಲೆ ಅದನ್ನು ನುಂಗಿಕೊಂಡು ತೆಪ್ಪಗೆ ಕೂತಿರುತ್ತೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿ ಕಾಯಿಸಿದರೆ ನುಂಗಿದ್ದನ್ನೆಲ್ಲ ಬೆಳಕಾಗಿ ಕಕ್ಕುತ್ತೆ. ಆ ಬೆಳಕನ್ನು ಅಳೆದರೆ ಆ ಮನುಷ್ಯನ ಮೈಗೆ ಎಷ್ಟು ಬಿತ್ತು ಅನ್ನೋ ಲೆಕ್ಕ ಸಿಗುತ್ತೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಲೆಕ್ಕ ಪುಸ್ತಕಕ್ಕೆ ಹೋಗುತ್ತೆ, ಜೀವಮಾನವಿಡೀ ಅವರ ಹೆಸರಿನಲ್ಲಿರುತ್ತೆ. ಒಳ್ಳೇದು. ಹಾಗೇ ಇರಬೇಕು.

ಆದರೆ ಈ ಬ್ಯಾಡ್ಜ್ ಹಾಕಿಕೊಂಡವರು ಮಿಷನ್ ಆನ್ ಆದಾಗ ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಕೂತಿರುತ್ತಾರೆ. ಗೋಡೆಯ ಈಚೆ, ಮಿಷನ್ನಿನ ಬಾಯಿಯ ಕೆಳಗೆ ಮಲಗಿದವನಿಗೆ ಬ್ಯಾಡ್ಜ್ ಇಲ್ಲ. ಅವನಿಗೆ ಇರೋದು ಸಹಿ ಹಾಕೋ ಒಂದು ಕಾಗದ. ಅದೂ ಇಂಗ್ಲಿಷಿನಲ್ಲಿ.

ತಕ್ಷಣ ಒಬ್ಬರು ಎದ್ದು ನಿಂತು ಹೇಳ್ತಾರೆ: ರೋಗಿಗೆ ಮಿತಿ ಅನ್ನೋದು ಇಲ್ಲ ಸ್ವಾಮಿ, ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವೇ ಹಾಗೆ ಹೇಳಿದೆ. ಗೊತ್ತು. ಆಯೋಗ ಹೇಳೋದು ಮೂರು ಮಾತು. ವಿಕಿರಣ ಕೊಡೋಕೆ ಸರಿಯಾದ ಕಾರಣ ಇರಬೇಕು, ಕೊಟ್ಟರೂ ಆದಷ್ಟು ಕಡಿಮೆ ಬೀಳೋ ಹಾಗೆ ಕೊಡಬೇಕು, ಮಿತಿ ದಾಟಬಾರದು. ಇದರಲ್ಲಿ ಮೂರನೆಯದು ಮಾತ್ರ ರೋಗಿಗೆ ಅನ್ವಯಿಸಲ್ಲ. ಯಾಕಂದರೆ ಕ್ಯಾನ್ಸರ್ ಬಂದವನಿಗೆ 60-70 ಗ್ರೇ ಕೊಟ್ಟು ಜೀವ ಉಳಿಸೋವಾಗ ಮಿತಿ ಅಂತ ಕೂತರೆ ಆಗಲ್ಲ. ಒಪ್ಪೋಣ. ಮೊದಲಿನ ಎರಡು ಮಾತು ಏನಾದವು? "ಆದಷ್ಟು ಕಡಿಮೆ" ಬಿತ್ತು ಅಂತ ಅಳೆಯದೆ ಹೇಗೆ ಹೇಳ್ತೀರಿ? ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು. "ಸರ್ವರ್ ಚೆನ್ನಾಗಿ ಓಡ್ತಿದೆ, ಲಾಗ್ ಮಾತ್ರ ಬರೆದಿಲ್ಲ" ಅಂತ ಮೀಟಿಂಗಿನಲ್ಲಿ ಹೇಳಿದರೆ ನಮ್ಮ ಮ್ಯಾನೇಜರ್ ನನ್ನನ್ನು ಅಲ್ಲೇ ಹುರಿದು ತಿಂತಾರೆ.

ನನ್ನ ತಕರಾರು ಇರೋದು ಕ್ಯಾನ್ಸರ್ ರೇಡಿಯೋಥೆರಪಿ ಬಗ್ಗೆ ಅಲ್ಲ. ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಕೊಡೋ ರೇಡಿಯೋಥೆರಪಿ ಬಗ್ಗೆ. ನಮ್ಮೂರ ಕಡೆ ಇದನ್ನೆಲ್ಲ ಒಟ್ಟಿಗೆ "ಕರೆಂಟ್ ಕೊಡೋದು" ಅಂತಾರೆ, ಕರೆಂಟ್ ಅಂದರೆ ಕ್ಯಾನ್ಸರ್ ಅಂತಲೇ ಅರ್ಥ. ಹಾಗೇನಿಲ್ಲ. ಗಾಯ ಮಾಗಿದ ಜಾಗದಲ್ಲಿ ಉಬ್ಬಿ ಬೆಳೆಯೋ ಕೀಲಾಯ್ಡ್ ಕತ್ತರಿಸಿದ ಮೇಲೆ ಕೊಡ್ತಾರೆ. ಥೈರಾಯ್ಡ್ ಕೆಟ್ಟು ಕಣ್ಣು ಮುಂದಕ್ಕೆ ಬಂದಿದ್ದರೆ ಹತ್ತು ಸಲಕ್ಕೆ 20 ಗ್ರೇ ಕೊಡೋದುಂಟು. ಜರ್ಮನಿಯಲ್ಲಿ ಹಿಮ್ಮಡಿ ನೋವಿಗೂ ಕೊಡ್ತಾರೆ, ಅರ್ಧರ್ಧ ಅಥವಾ ಒಂದೊಂದು ಗ್ರೇ, ಆರು ಸಲ. ಅಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಜನ ಇಂಥ ಸಾದಾ ಕಾಯಿಲೆಗಳಿಗೆ ವಿಕಿರಣ ತಗೋತಾರೆ. ಇವೆಲ್ಲ ಕೆಲಸ ಮಾಡ್ತವೋ ಇಲ್ಲವೋ ಅನ್ನೋ ಜಗಳ ಬೇರೆ, ಅದನ್ನು ಡಾಕ್ಟರುಗಳು ಆಡಿಕೊಳ್ಳಲಿ. ಹಿಮ್ಮಡಿಗೆ ಕೊಟ್ಟಾಗ ಜನನಾಂಗಕ್ಕೆ ಬೀಳೋದು ತೀರಾ ಅತ್ಯಲ್ಪ, ಅದರ ಬಗ್ಗೆ ನಾನು ರಾತ್ರಿ ನಿದ್ದೆ ಕೆಡಿಸಿಕೊಳ್ಳಲ್ಲ.

ನಿದ್ದೆ ಕೆಡಿಸೋದು ಸೊಂಟ.

ಬೈಕಿನಿಂದ ಬಿದ್ದು ಸೊಂಟದ ಕೀಲಿನ ಬಟ್ಟಲು ಒಡೆದಿದೆ ಅಂತಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಹೀಗೆ ಒಡಕೊಳ್ಳೋರು ಯಾರು? ಬಹುಪಾಲು ಹರೆಯದ ಹುಡುಗರು. ಆಪರೇಷನ್ ಮಾಡಿ ಪ್ಲೇಟು ಸ್ಕ್ರೂ ಹಾಕ್ತಾರೆ. ಕೆಲವರಿಗೆ ಆಮೇಲೆ ಕೀಲಿನ ಸುತ್ತ ಮಾಂಸಖಂಡದ ಒಳಗೇ ಮೂಳೆ ಬೆಳೆಯೋಕೆ ಶುರುವಾಗುತ್ತೆ. ಮೂಳೆ ಇರಬಾರದ ಜಾಗದಲ್ಲಿ ಮೂಳೆ. ಅದು ಬಲಿತರೆ ಸೊಂಟ ಬಾಗಲ್ಲ, ಚಕ್ಕಳಮಕ್ಕಳ ಹಾಕಿ ಕೂರೋಕಾಗಲ್ಲ, ಹೊಲದ ಕೆಲಸ ಅಂತೂ ಮರೆತುಬಿಡಬೇಕು. ಇದನ್ನು ತಡೆಯೋಕೆ ಎರಡು ದಾರಿ ಇವೆ. ಒಂದು, ಇಂಡೋಮೆಥಾಸಿನ್ ಅನ್ನೋ ಹಳೇ ನೋವಿನ ಮಾತ್ರೆಯನ್ನು ಕೆಲವು ವಾರ ನುಂಗೋದು. ಎಲ್ಲರ ಹೊಟ್ಟೆಗೂ ಅದು ಆಗಲ್ಲ. ಇನ್ನೊಂದು, ಆಪರೇಷನ್ ಆದ ಮೂರು ದಿನದೊಳಗೆ ಸೊಂಟಕ್ಕೆ ಒಂದೇ ಸಲ 7 ಗ್ರೇ ಅಥವಾ 8 ಗ್ರೇ ವಿಕಿರಣ. ಗ್ರೇ ಅಂದರೆ ಒಂದು ಕೆಜಿ ಮೈ ಒಂದು ಜೂಲ್ ಶಕ್ತಿ ಹೀರಿಕೊಂಡ ಲೆಕ್ಕ, ಅಷ್ಟೇ.

ಕಿರಣ ಸೊಂಟದ ಕೀಲಿಗೆ ಗುರಿ ಇಟ್ಟಿದ್ದು. ಆದರೆ ಅದು ಗೆರೆ ಎಳೆದ ಹಾಗೆ ಗುರಿಯಲ್ಲೇ ನಿಲ್ಲಲ್ಲ. ಮೂರು ದಾರಿಯಲ್ಲಿ ಚೆಲ್ಲುತ್ತೆ. ಮಿಷನ್ನಿನ ತಲೆಯಿಂದ ಸೋರೋದು ಒಂದು. ಕಿರಣದ ಆಕಾರ ಕತ್ತರಿಸೋ ಲೋಹದ ದವಡೆಗಳಿಂದ ಚದುರೋದು ಇನ್ನೊಂದು. ಮೂರನೆಯದು ರೋಗಿಯ ಮೈಯೊಳಗೇ ಬಡಿದು ಅಕ್ಕಪಕ್ಕಕ್ಕೆ ಹರಡೋದು. ಗುರಿಯ ಅಂಚಿಗೆ ಹತ್ತಿರ ಇದ್ದಷ್ಟೂ ಈ ಮೂರನೆಯದರದ್ದೇ ಪಾರುಪತ್ಯ. ಅಂಚಿನಿಂದ ಐದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರು ದೂರದಲ್ಲಿ ಚೆಲ್ಲಿದ್ದು ಕೊಟ್ಟದ್ದರ ಶೇಕಡ 1ರಿಂದ 3ರ ಸುಮಾರಿಗೆ ಬರುತ್ತೆ. ಕಿಟಕಿಯ ಅಗಲ, ಕಿರಣದ ಬಲ ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತೆ.

ವೃಷಣ ಎಲ್ಲಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲವಲ್ಲ.

ಈಗ ಲೆಕ್ಕ ಮಾಡಿ. 7 ಗ್ರೇಯ ಶೇಕಡ 1 ಅಂದರೆ 0.07 ಗ್ರೇ. ಶೇಕಡ 3 ಅಂದರೆ 0.21 ಗ್ರೇ. ಇನ್ನೊಂದು ಕಡೆ, ಒಂದೇ ಏಟಿಗೆ ಬಿದ್ದರೆ ವೀರ್ಯಾಣುಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ಬೀಳಿಸೋ ಪ್ರಮಾಣ ಎಷ್ಟು? ಪುಸ್ತಕಗಳು ಹೇಳೋದು ಸುಮಾರು 0.1ರಿಂದ 0.15 ಗ್ರೇ. ಅಂದರೆ ನಮ್ಮ ಅಂದಾಜಿನ ಒಂದು ತುದಿ ಗೆರೆಯ ಈಚೆ ಇದೆ, ಇನ್ನೊಂದು ತುದಿ ಆಚೆ. ಇಂಥ ಜಾಗದಲ್ಲಿ ಅಂದಾಜು ಯಾವ ಕೆಲಸಕ್ಕೂ ಬರಲ್ಲ. ಅಳೆದರೆ ಮಾತ್ರ ಗೊತ್ತಾಗೋ ವಿಷಯ ಇದು.

(ಬ್ಯಾಡ್ಜಿನ 20 ಮಿಲಿಸೀವರ್ಟನ್ನೂ ಈ 0.21 ಗ್ರೇಯನ್ನೂ ಪಕ್ಕಪಕ್ಕ ಇಟ್ಟು ಹತ್ತು ಪಟ್ಟು ಅಂತ ಕೂಗಬೇಡಿ. ಒಂದು ಇಡೀ ಮೈಯ ಲೆಕ್ಕ, ಇನ್ನೊಂದು ಒಂದೇ ಅಂಗದ್ದು. ಫಿಸಿಸಿಸ್ಟುಗಳು ಬೈತಾರೆ, ಬೈಯೋದು ನ್ಯಾಯವೂ ಹೌದು.)

ಆ 0.15 ಅನ್ನೋ ಅಂಕಿ ಆಕಾಶದಿಂದ ಉದುರಿದ್ದಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. 1963ರಿಂದ 70ರ ದಶಕದ ಆರಂಭದವರೆಗೆ ಅಮೆರಿಕದ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಜೈಲುಗಳಲ್ಲಿ ಒಟ್ಟು 131 ಕೈದಿಗಳ ವೃಷಣಗಳಿಗೆ ಬೇಕಂತಲೇ ಎಕ್ಸ್‌ರೇ ಹಾಯಿಸಿದರು. ದುಡ್ಡು ಕೊಟ್ಟದ್ದು ಅಲ್ಲಿನ ಅಣುಶಕ್ತಿ ಆಯೋಗ. ಕೈದಿಗಳಿಗೂ ಚೂರುಪಾರು ಕಾಸು ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ಕೊನೆಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಬೇಕು ಅನ್ನೋದೂ ಕರಾರಿನಲ್ಲಿತ್ತು. ಇವತ್ತು ಯಾವ ಡಾಕ್ಟರು "ಇಷ್ಟು ಬಿದ್ದರೆ ಇಷ್ಟು ತಿಂಗಳಲ್ಲಿ ಸರಿಹೋಗುತ್ತೆ" ಅಂದರೂ ಅದರ ಹಿಂದೆ ಆ ಜೈಲಿನ ಕೋಣೆಗಳಿವೆ. ಅಂಥ ಹೇಸಿಗೆ ಕೆಲಸ ಮಾಡಿ ಮನುಷ್ಯಜಾತಿ ಈ ಕೋಷ್ಟಕ ಸಂಪಾದಿಸಿದೆ. ಅದನ್ನು ಉಪಯೋಗಿಸೋಕೆ ಬೇಕಾಗಿರೋದು ರೋಗಿಯ ಕಡೆಯ ಒಂದೇ ಒಂದು ಅಂಕಿ. ಅದನ್ನೇ ನಾವು ಬರೆದುಕೊಳ್ತಿಲ್ಲ.

ಇದೆಲ್ಲ ನನಗೆ ಯಾಕೆ ಬೇಕಿತ್ತು ಅಂದರೆ, ನಮ್ಮ ಚಿಕ್ಕಪ್ಪನ ಮಗ. ಅರಕಲಗೂಡು ಕಡೆ ನಮ್ಮೂರು. ಹೊಗೆಸೊಪ್ಪು, ಶುಂಠಿ, ಎರಡು ಹಸು. ಇಪ್ಪತ್ತಾರನೇ ವಯಸ್ಸಿಗೆ ಬೈಕಿನಲ್ಲಿ ಬಿದ್ದು ಸೊಂಟದ ಬಟ್ಟಲು ಒಡಕೊಂಡ. ಬೆಂಗಳೂರಿಗೆ ಕರೆತಂದು ಆಪರೇಷನ್ ಮಾಡಿಸಿದ್ವಿ. ಎರಡನೇ ದಿನ ಸ್ಟ್ರೆಚರಿನಲ್ಲಿ ಕೆಳಗಿನ ಮಹಡಿಗೆ ಕರಕೊಂಡು ಹೋಗಿ ಒಂದು ಸಲ ಕರೆಂಟ್ ಕೊಟ್ಟರು. ಸಹಿ ಹಾಕಿದ್ದು ಚಿಕ್ಕಪ್ಪ. ಸೊಂಟ ಚೆನ್ನಾಗೇ ಕೂಡಿಕೊಂಡಿತು, ಅದರ ಬಗ್ಗೆ ಎರಡು ಮಾತಿಲ್ಲ. ಎಂಟು ತಿಂಗಳಿಗೆ ಮದುವೆ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಿಲ್ಲ.

ಊರಲ್ಲಿ ಇದಕ್ಕೆ ವಿಚಾರಣೆ ನಡೆಯೋದು ಹೇಗೆ ಅಂತ ನಿಮಗೆ ಗೊತ್ತು. ಆರೋಪಿ ಸ್ಥಾನದಲ್ಲಿ ಮೊದಲು ನಿಲ್ಲೋಳು ಸೊಸೆ. ಶೀಮಂತದ ಮನೆಗೆ ಕರೆಯೋದು ನಿಲ್ಲಿಸ್ತಾರೆ, ಕರೆದರೂ ಅರಿಶಿನ ಕುಂಕುಮ ಕೊಡೋವಾಗ ಅವಳ ಸಾಲು ದಾಟಿ ಮುಂದೆ ಹೋಗ್ತಾರೆ. ನಮ್ಮ ಚಿಕ್ಕಮ್ಮ ಕೆಟ್ಟೋಳಲ್ಲ, ಅವಳೂ ಒಂದು ದಿನ "ಎಷ್ಟು ಅಂತ ಹರಕೆ ಹೊರೋದು ಮಗಾ, ಅವಳ ಹೊಟ್ಟೇಲೇ ಏನೋ ಐತೆ" ಅಂದುಬಿಟ್ಟಳು. ಆ ಹುಡುಗಿ ನಂಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಭಾವ, ಅವರಿಗೂ ಒಂದು ಟೆಸ್ಟ್ ಮಾಡಿಸ್ತೀರಾ? ನಾನು ಹೇಳಿದ್ರೆ ಕೇಳಲ್ಲ."

ಮಾಡಿಸಿದ್ವಿ. ವೀರ್ಯಾಣು ಸಂಖ್ಯೆ ಕಡಿಮೆ ಇತ್ತು. ಮಕ್ಕಳಾಗದವರನ್ನು ನೋಡೋ ಆ ಡಾಕ್ಟರಮ್ಮ ಹಳೇ ಫೈಲ್ ತಿರುವಿ ಹಾಕಿ ಕೇಳಿದರು: "ಸೊಂಟಕ್ಕೆ ರೇಡಿಯೇಷನ್ ಆಗಿದೆ ಅಂತ ಇದೆ. ಟೆಸ್ಟಿಸ್‌ಗೆ ಎಷ್ಟು ಬಿತ್ತು, ಬರೆದುಕೊಟ್ಟಿದ್ದಾರಾ?" ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು ಒಂದೇ ಸಾಲು. ಆಪರೇಷನ್ ನಂತರ ರೇಡಿಯೋಥೆರಪಿ, 7 ಗ್ರೇ, ಒಂದು ಸಲ. ಮುಗೀತು.

ರೇಡಿಯೇಷನ್‌ನಿಂದಲೇ ಹೀಗಾಯಿತು ಅಂತ ನಾನು ಹೇಳ್ತಿಲ್ಲ, ಇದನ್ನು ದಯವಿಟ್ಟು ಎರಡು ಸಲ ಓದಿ. ಅವನು ವರ್ಷಕ್ಕೆ ಎರಡು ತಿಂಗಳು ಹೊಗೆಸೊಪ್ಪಿನ ಬ್ಯಾರನ್ ಮುಂದೆ ಬೆಂಕಿ ಕಾಯ್ತಾನೆ, ಶಾಖ ವೀರ್ಯಾಣುವಿಗೆ ಆಗಲ್ಲ. ಶುಂಠಿಗೆ ಔಷಧಿ ಹೊಡೀತಾನೆ, ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದೇ ಸುರಕ್ಷತೆ. ಬೀಡಿ ಉಂಟು. ಇವರಲ್ಲಿ ಕಳ್ಳ ಯಾರು? ವೃಷಣಕ್ಕೆ ಬಿದ್ದದ್ದು 0.2 ಗ್ರೇ ಅಂತ ಬರೆದಿದ್ದರೆ ಡಾಕ್ಟರಮ್ಮ ನೇರ ಹೇಳಬಹುದಿತ್ತು. ಒಂದು ಗ್ರೇಗಿಂತ ಕಡಿಮೆ ಬಿದ್ದರೆ ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳಲ್ಲಿ ಚೇತರಿಕೆ ಆಗುತ್ತೆ, ಇಷ್ಟೊತ್ತಿಗೆ ಆಗಿರಬೇಕಿತ್ತು, ರೇಡಿಯೇಷನ್ ಬಿಟ್ಟು ಬೇರೆ ಕಾರಣ ಹುಡುಕೋಣ ಅಂತ. ಎರಡು ಮೂರು ಗ್ರೇ ಬಿದ್ದಿದ್ದರೆ ಎರಡೂವರೆ ವರ್ಷ ಕಾಯಿರಿ ಅನ್ನಬಹುದಿತ್ತು. ಅಂಕಿ ಇದ್ದಿದ್ದರೆ ಅದು ಆಸ್ಪತ್ರೆಯನ್ನೇ ಬಚಾವು ಮಾಡೋ ಸಾಧ್ಯತೆ ಹೆಚ್ಚಿತ್ತು. ಅಂಕಿ ಇಲ್ಲ, ಹಾಗಾಗಿ ಎಲ್ಲರೂ ಅನುಮಾನಿತರು. ಅವರ ಪೈಕಿ ತಪ್ಪಿಲ್ಲದೆ ಎರಡು ವರ್ಷ ಶಿಕ್ಷೆ ಅನುಭವಿಸಿದೋಳು ಒಬ್ಬಳೇ.

ನಮ್ಮೂರ ಹಾಲಿನ ಡೇರಿಗೆ ಬೆಳಿಗ್ಗೆ ಆರಕ್ಕೆ ಬನ್ನಿ. ಸೆಕ್ರೆಟರಿ ಪ್ರತಿಯೊಬ್ಬರ ಕ್ಯಾನಿನಿಂದ ಒಂದು ಚಮಚ ಹಾಲು ತೆಗೆದು ಮಿಷನ್ನಿಗೆ ಬಿಡ್ತಾನೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಪಾಯಿಂಟ್ ಲೆಕ್ಕದಲ್ಲಿ ಬರುತ್ತೆ. ಒಂದೂವರೆ ಲೀಟರ್ ತಂದ ಅಜ್ಜಿಗೂ ಬರೆದುಕೊಡಬೇಕು. ಕೊಡದಿದ್ದರೆ ಅಲ್ಲೇ ಜಗಳ. ಎಸ್ಸೆಸ್ಸೆಲ್ಸಿ ಓದಿದ ಸೆಕ್ರೆಟರಿ ದಿನಕ್ಕೆ ಎರಡು ಹೊತ್ತು ಮಾಡೋ ಕೆಲಸವನ್ನು, ಕೋಟಿಗಟ್ಟಲೆ ಬೆಲೆಯ ಲಿನಾಕ್ ಇಟ್ಟುಕೊಂಡು, ಎಮ್ಮೆಸ್ಸಿ ಓದಿದ ಮೆಡಿಕಲ್ ಫಿಸಿಸಿಸ್ಟನ್ನು ಕಾನೂನಿನ ಪ್ರಕಾರ ಕಡ್ಡಾಯವಾಗಿ ನೇಮಿಸಿಕೊಂಡಿರೋ ಆಸ್ಪತ್ರೆ ಮಾಡೋಕಾಗಲ್ವಾ?

"ನಮ್ಮ ಪ್ಲಾನಿಂಗ್ ಸಾಫ್ಟ್‌ವೇರಿನಲ್ಲಿ ಎಲ್ಲ ಬರುತ್ತೆ" ಅಂತ ಒಬ್ಬರು ನಂಗೆ ಹೇಳಿದರು. ಬರಲ್ಲ. ಈ ಸಾಫ್ಟ್‌ವೇರುಗಳನ್ನು ಬರೆದಿರೋದು ಗುರಿಯ ಒಳಗೆ ಎಷ್ಟು ಬೀಳುತ್ತೆ ಅನ್ನೋದನ್ನು ಕರಾರುವಾಕ್ಕಾಗಿ ಹೇಳೋಕೆ. ಗುರಿಯಿಂದ ದೂರ ಹೋದ ಹಾಗೆ ಅವು ನಿಜಕ್ಕಿಂತ ಕಡಿಮೆ ತೋರಿಸ್ತವೆ. ಇದು ನನ್ನ ಕುಹಕ ಅಲ್ಲ, ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2017ರಲ್ಲಿ ಈ ವಿಷಯಕ್ಕೆ ಅಂತಲೇ ಒಂದು ದೊಡ್ಡ ವರದಿ ಹೊರಡಿಸಿದೆ. ಗುರಿಯ ಹೊರಗಿನ ಪ್ರಮಾಣ ಬೇಕಿದ್ದರೆ ಅಳೆಯಿರಿ, ಸಾಫ್ಟ್‌ವೇರನ್ನು ನಂಬಿ ಕೂರಬೇಡಿ ಅನ್ನೋದು ಅದರ ಸಾರ. ಅಲ್ಲದೆ ಸೊಂಟದ ಇಂಥ ಸಣ್ಣ ಕೆಲಸಕ್ಕೆ ಹಲವು ಸಲ ಪೂರ್ತಿ ಪ್ಲಾನೇ ಇರಲ್ಲ. ಹಿಂದೊಂದು ಮುಂದೊಂದು ಕಿರಣ, ಆಯ್ತು. ಸಿಟಿ ಮಾಡಿದ್ದರೂ ವೃಷಣದ ಸುತ್ತ ಗೆರೆ ಎಳೆದಿರಲ್ಲ. ಗೆರೆ ಎಳೆಯದ ಅಂಗ ಕಂಪ್ಯೂಟರಿನ ಮಟ್ಟಿಗೆ ಇಲ್ಲವೇ ಇಲ್ಲ.

ಅಳೆಯೋಕೆ ಬೇಕಾಗಿರೋದು ಏನು? ಮೂರು ಮಿಲಿಮೀಟರ್ ಅಗಲದ ಲಿಥಿಯಂ ಫ್ಲೋರೈಡ್ ಚಿಪ್. ಸಿಬ್ಬಂದಿಯ ಬ್ಯಾಡ್ಜಿನ ಬಿಲ್ಲೆಯ ಸೋದರಸಂಬಂಧಿ. ಪ್ಲಾಸ್ಟಿಕ್ ಚೀಟಿಯಲ್ಲಿ ಹಾಕಿ ವೃಷಣಚೀಲಕ್ಕೆ ಅಂಟಿಸಿ, ಚಿಕಿತ್ಸೆ ಮುಗಿದ ಮೇಲೆ ತೆಗೆದು, ಕಾಯಿಸಿ ಓದೋದು. ಮತ್ತೆ ಮತ್ತೆ ಬಳಸಬಹುದು. ರೋಗಿ ಮೇಜಿನ ಮೇಲಿರೋವಾಗ ಆಗೋ ಹೆಚ್ಚುವರಿ ಕೆಲಸ ಎರಡು ನಿಮಿಷ.

ಇಷ್ಟು ಹೇಳಿದರೆ ಬರೋ ಆಕ್ಷೇಪಗಳಲ್ಲಿ ಒಂದಕ್ಕೆ ಮಾತ್ರ ನಾನು ನಿಜವಾಗಿ ತಲೆಬಾಗ್ತೀನಿ. ಮಿಷನ್ನು ಕಡಿಮೆ, ಹೊರಗೆ ಕ್ಯಾನ್ಸರ್ ರೋಗಿಗಳ ಸಾಲು ಉದ್ದ, ಎರಡು ನಿಮಿಷವೂ ಎರಡು ನಿಮಿಷವೇ. ಸತ್ಯ. ಆದರೆ ಸಾಲಿನಲ್ಲಿ ನಿಂತವರ ಹೆಸರು ಹೇಳಿ ಸೊಂಟದ ಹುಡುಗನ ಲೆಕ್ಕ ಬಿಡೋರು, ಕ್ಯಾನ್ಸರ್ ಅಲ್ಲದ ಆ ಹುಡುಗನನ್ನು ಅದೇ ಸಾಲಿನ ನಡುವೆ ಸೇರಿಸಿಕೊಂಡಾಗ ಈ ಮಾತು ಆಡಿರಲ್ಲ.

ಇನ್ನೊಂದು ಆಕ್ಷೇಪ ಜಾಣತನದ್ದು. "ಎಕ್ಸ್‌ರೇಗೆ ಜನನಾಂಗದ ಮೇಲೆ ಸೀಸದ ಹೊದಿಕೆ ಹಾಕೋದನ್ನೇ ಬಿಡಿ ಅಂತ 2019ರಲ್ಲಿ ನಿಮ್ಮ ಅದೇ ಅಮೆರಿಕದ ಸಂಘ ಹೇಳಿದೆಯಲ್ಲ, ನೀವು ಯಾವ ಕಾಲದಲ್ಲಿದ್ದೀರಿ?" ಹೇಳಿದೆ, ಸರಿಯಾಗೇ ಹೇಳಿದೆ. ಎಕ್ಸ್‌ರೇ ಫೋಟೋ ತೆಗೆಯೋವಾಗ ಬೀಳೋದು ತೀರಾ ಕಡಿಮೆ, ಹೊದಿಕೆ ಅಡ್ಡ ಬಂದರೆ ಮಿಷನ್ನು ತಾನಾಗಿಯೇ ಕಿರಣ ಜಾಸ್ತಿ ಮಾಡಿಕೊಳ್ಳುತ್ತೆ, ಫೋಟೋನೂ ಕೆಡುತ್ತೆ. ಅದು ಫೋಟೋದ ಮಾತು. ಇಲ್ಲಿ ಕೊಡ್ತಿರೋದು ಫೋಟೋಗಿಂತ ಸಾವಿರಾರು ಪಟ್ಟು. ವೃಷಣದ ಸುತ್ತ ಚಿಪ್ಪಿನ ಹಾಗೆ ಮುಚ್ಚಿಕೊಳ್ಳೋ ಸೀಸದ ಕವಚವನ್ನು ವೃಷಣದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇನ್ನೊಂದು ಬದಿಯನ್ನು ಕಾಪಾಡೋಕೆ ದಶಕಗಳಿಂದ ಬಳಸ್ತಿದ್ದಾರೆ. ಮೈಯೊಳಗಿನಿಂದ ಹರಡಿ ಬರೋದನ್ನೆಲ್ಲ ಅದು ತಡೆಯಲ್ಲ, ಮಿಷನ್ನಿನಿಂದ ಸೋರೋದನ್ನು ಬಹುಪಾಲು ತಡೆಯುತ್ತೆ. ಕ್ಯಾನ್ಸರ್ ಬಂದವನಿಗೆ ಸಿಗೋ ಕವಚ ಕ್ಯಾನ್ಸರ್ ಇಲ್ಲದವನಿಗೆ ಯಾಕೆ ಇಲ್ಲ?

ಮೂರನೆಯದು, "ಹುಟ್ಟೋ ಮಕ್ಕಳಿಗೆ ಏನೂ ಆಗಲ್ಲ, ಸುಮ್ಮನೆ ಜನರನ್ನು ಹೆದರಿಸಬೇಡಿ." ನಾನು ಹೆದರಿಸ್ತಿಲ್ಲ. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹಾಯಿಸಿ ವಂಶವಾಹಿ ಬದಲಾಗುತ್ತೆ ಅಂತ ತೋರಿಸಿದ, 1946ರಲ್ಲಿ ನೊಬೆಲ್ ಬಂತು, ಜಗತ್ತು ಗಾಬರಿಯಾಯಿತು. ಆಮೇಲೆ ಹಿರೋಷಿಮಾ ನಾಗಸಾಕಿಯಲ್ಲಿ ಬದುಕುಳಿದವರ ಮಕ್ಕಳನ್ನು ದಶಕಗಟ್ಟಲೆ ನೋಡಿದರೂ ಅಂಥ ಪರಂಪರಾಗತ ತೊಂದರೆ ಕಾಣಿಸಲಿಲ್ಲ. ಜನನಾಂಗಕ್ಕೆ ಆಯೋಗ ಕೊಡ್ತಿದ್ದ ತೂಕ 1990ರಲ್ಲಿ 0.20 ಇದ್ದದ್ದು 2007ರಲ್ಲಿ 0.08ಕ್ಕೆ ಇಳಿಯಿತು. ಸಂತೋಷ. ಆದರೆ ನನ್ನ ಪ್ರಶ್ನೆ ಮೊಮ್ಮಕ್ಕಳ ಬಗ್ಗೆ ಅಲ್ಲ, ಮಕ್ಕಳೇ ಆಗ್ತಾವಾ ಅನ್ನೋದರ ಬಗ್ಗೆ. ಆ ಇಳಿದ ತೂಕ ವೀರ್ಯಾಣು ಎಣಿಕೆಗೆ ಸಂಬಂಧಪಟ್ಟದ್ದಲ್ಲ.

ನಂಗೆ ನಾಚಿಕೆ ಬರೋದು ಇನ್ನೊಂದು ಕಾರಣಕ್ಕೆ. ಈ ಲೆಕ್ಕ ಹೊಸದೇನಲ್ಲ. 1950ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಲಾರ್ಡ್ ಏಡ್ರಿಯನ್ ಅಧ್ಯಕ್ಷತೆಯ ಸಮಿತಿಯೊಂದು ದೇಶದ ಆಸ್ಪತ್ರೆಗಳನ್ನು ಸಮೀಕ್ಷೆ ಮಾಡಿ, ಜನರ ಜನನಾಂಗಗಳಿಗೆ ವೈದ್ಯಕೀಯ ವಿಕಿರಣ ಒಟ್ಟು ಎಷ್ಟು ಬೀಳ್ತಿದೆ ಅಂತ ಲೆಕ್ಕ ಹಾಕಿತು. ಎಕ್ಸ್‌ರೇ ಫೋಟೋಗಳನ್ನಷ್ಟೇ ಅಲ್ಲ, ಕ್ಯಾನ್ಸರ್ ಅಲ್ಲದ ಕಾಯಿಲೆಗಳ ರೇಡಿಯೋಥೆರಪಿಯನ್ನೂ ಬೇರೆ ಲೆಕ್ಕವಾಗಿ ಸೇರಿಸಿತ್ತು. ರೋಗಿಗೆ ಮುಂದೆ ಮಕ್ಕಳಾಗೋ ಸಂಭವ ಎಷ್ಟು ಅನ್ನೋದನ್ನೂ ವಯಸ್ಸಿನ ಮೇಲೆ ತೂಗಿ ನೋಡಿದ್ದರು. ಕಂಪ್ಯೂಟರ್ ಅನ್ನೋದು ಕೋಣೆ ತುಂಬೋ ಕಾಲ ಅದು. ಅಂದರೆ ಎಪ್ಪತ್ತು ವರ್ಷದ ಹಿಂದೆ ಬ್ರಿಟನ್ನಿಗೆ ತನ್ನ ಜನರ ಬಗ್ಗೆ ಗೊತ್ತಿದ್ದದ್ದು, ಇವತ್ತು ನನ್ನ ತಮ್ಮನ ಬಗ್ಗೆ ಅವನನ್ನು ಮಲಗಿಸಿದ ಆಸ್ಪತ್ರೆಗೇ ಗೊತ್ತಿಲ್ಲ.

ಬರೆದಿಟ್ಟರೆ ಏನಾಗುತ್ತೆ ಅನ್ನೋದಕ್ಕೂ ಬರೆಯದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಆ ಕಾಲದ್ದೇ ಎರಡು ಕಥೆ ಇವೆ. ಬೆನ್ನುಮೂಳೆ ಬಿಗಿದುಕೊಳ್ಳೋ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಕಾಯಿಲೆ, ಹೆಚ್ಚಾಗಿ ಹರೆಯದ ಗಂಡಸರಿಗೆ. ಬ್ರಿಟನ್ನಿನಲ್ಲಿ 1935ರಿಂದ 1954ರವರೆಗೆ 13,000ಕ್ಕೂ ಹೆಚ್ಚು ಜನರ ಬೆನ್ನಿಗೆ ಎಕ್ಸ್‌ರೇ ಚಿಕಿತ್ಸೆ ಕೊಟ್ಟಿದ್ದರು. ಆಸ್ಪತ್ರೆಗಳು ಕಡತ ಇಟ್ಟಿದ್ದವು. ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಆ ಕಡತಗಳನ್ನು ಹಿಡಿದು ಒಬ್ಬೊಬ್ಬರನ್ನೂ ಹುಡುಕಿ, ಇವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚು ಅಂತ 1957ರಲ್ಲಿ ತೋರಿಸಿದರು. ಇವತ್ತು ವಿಕಿರಣದ ಬಗ್ಗೆ ನಮಗಿರೋ ತಿಳಿವಳಿಕೆಯ ಒಂದು ಕಂಬ ಅದು. ಇನ್ನೊಂದು ಇಸ್ರೇಲಿನದು. ತಲೆಯ ಹುಳುಕಡ್ಡಿಗೆ, ಹೌದು, ಬರೀ ಹುಳುಕಡ್ಡಿಗೆ, ವಲಸೆ ಬಂದ ಬಡವರ ಮಕ್ಕಳ ತಲೆಗೆ ಎಕ್ಸ್‌ರೇ ಹಾಯಿಸಿದರು. ಅವರಲ್ಲಿ ಸುಮಾರು 11,000 ಮಕ್ಕಳನ್ನು ಬರೂಕ್ ಮೋದಾನ್ ತಂಡ ಹಿಂಬಾಲಿಸಿ 1974ರಲ್ಲಿ ಫಲಿತಾಂಶ ಹೊರಹಾಕಿತು. ಗುರಿ ಇಟ್ಟದ್ದು ತಲೆಬುರುಡೆಯ ಚರ್ಮಕ್ಕೆ, ಕ್ಯಾನ್ಸರ್ ಹೆಚ್ಚಾದದ್ದರಲ್ಲಿ ಕುತ್ತಿಗೆಯ ಥೈರಾಯ್ಡೂ ಒಂದು. ಥೈರಾಯ್ಡಿಗೆ ಚೆಲ್ಲಿದ್ದು ಸರಾಸರಿ ಸುಮಾರು 0.09 ಗ್ರೇ ಮಾತ್ರ. ಆ ಅಂಕಿಯನ್ನು ಚಿಕಿತ್ಸೆ ಕೊಟ್ಟಾಗ ಯಾರೂ ಅಳೆದಿರಲಿಲ್ಲ, ಎಷ್ಟೋ ವರ್ಷದ ಮೇಲೆ ಬೊಂಬೆ ಮಲಗಿಸಿ ಹಳೇ ರೀತಿಯಲ್ಲೇ ಎಕ್ಸ್‌ರೇ ಹಾಯಿಸಿ ಅಂದಾಜು ಮಾಡಬೇಕಾಯಿತು. 1994ರಲ್ಲಿ ಪರಿಹಾರಕ್ಕೆ ಕಾನೂನು ಬಂತು. ಅಷ್ಟೊತ್ತಿಗೆ ಆ ಮಕ್ಕಳಿಗೆ ಮೊಮ್ಮಕ್ಕಳಾಗೋ ವಯಸ್ಸು.

"ಗುರಿಯ ಹೊರಗೆ ಬಿದ್ದದ್ದು ಲೆಕ್ಕಕ್ಕಿಲ್ಲ" ಅನ್ನೋರು ಈ 0.09ನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕು.

ಹೆಂಗಸರ ವಿಷಯ ಇನ್ನೂ ಕಷ್ಟ. ಅಂಡಾಶಯ ಹೊಟ್ಟೆಯೊಳಗಿರೋದು, ಚಿಪ್ ಅಂಟಿಸೋಕಾಗಲ್ಲ. ವೃಷಣದಲ್ಲಿ ವೀರ್ಯಾಣು ಹೊಸದಾಗಿ ಹುಟ್ತಾನೇ ಇರುತ್ತೆ, ಅಂಡಗಳದ್ದು ಹುಟ್ಟುವಾಗಲೇ ತಂದ ಗಂಟು, ಖರ್ಚಾದರೆ ಮತ್ತೆ ತುಂಬಲ್ಲ. ಎರಡು ಗ್ರೇ ತಲುಪೋದರೊಳಗೇ ಗಂಟಿನ ಅರ್ಧ ಹೋಗಿರುತ್ತೆ ಅಂತ ಲೆಕ್ಕ ಇದೆ. ಮೂವತ್ತೈದರ ಹೆಂಗಸಿಗೆ ಉಳಿದಿರೋ ಗಂಟೇ ಚಿಕ್ಕದು. ಸೊಂಟಕ್ಕೆ ಕೊಡೋವಾಗ ಅಷ್ಟು ಬೀಳಲ್ಲ, ನಿಜ. ಎಷ್ಟು ಬೀಳುತ್ತೆ ಅನ್ನೋದನ್ನು ಆಸ್ಪತ್ರೆ ಒಂದು ಸಲ ಬೊಂಬೆಯ ಮೇಲೆ ಅಳೆದು, ತನ್ನ ಮಿಷನ್ನಿಗೆ ತಕ್ಕ ಕೋಷ್ಟಕ ಮಾಡಿ ಗೋಡೆಗೆ ಅಂಟಿಸಿಕೊಂಡರೆ ಆಯಿತು. ಕಿಟಕಿಯ ಅಳತೆ ಇಷ್ಟು, ಅಂಚಿನಿಂದ ದೂರ ಇಷ್ಟು, ಆಳ ಇಷ್ಟು ಅಂತ ನೋಡಿ ಬರೆಯೋದು. ಒಂದು ಶನಿವಾರದ ಮಧ್ಯಾಹ್ನದ ಕೆಲಸ.

ಅಂಕಿ ಕೈಗೆ ಬಂದರೆ ಏನು ಮಾಡ್ತೀರಿ ಅಂತ ಕೇಳೋರಿಗೆ: ಬಹಳ ಮಾಡಬಹುದು. ಚಿಕಿತ್ಸೆಗೆ ಮುಂಚೆಯೇ ಅಂದಾಜು ಗೊತ್ತಿದ್ದರೆ ಹುಡುಗನಿಗೆ ವೀರ್ಯ ತೆಗೆದಿಡೋ ಆಯ್ಕೆ ಇದೆ ಅಂತ ಹೇಳಬಹುದು, ಅಥವಾ ಮಾತ್ರೆಯೇ ಸಾಕು ಅಂತ ಅವನೇ ತೀರ್ಮಾನ ಮಾಡಬಹುದು. ವೀರ್ಯಾಣು ತಯಾರಾಗೋಕೆ ಎರಡು ತಿಂಗಳ ಮೇಲೆ ಬೇಕು, ಹಾಗಾಗಿ ಪೆಟ್ಟು ಕಾಣಿಸೋದು ಆಮೇಲೆ. ಆರು ತಿಂಗಳು ತಡೆದು ಮಕ್ಕಳ ಯೋಚನೆ ಮಾಡಿ ಅನ್ನಬಹುದು. ಒಂದು ಆಸ್ಪತ್ರೆಯಲ್ಲಿ ಐವತ್ತು ಜನರ ಅಂಕಿ ಸೇರಿದರೆ, ಯಾರು ಕಿಟಕಿಯನ್ನು ಅನಗತ್ಯವಾಗಿ ಅಗಲ ತೆರೀತಿದ್ದಾರೆ, ಯಾರು ವೃಷಣಚೀಲವನ್ನು ಪಕ್ಕಕ್ಕೆ ಸರಿಸಿ ಟೇಪ್ ಹಾಕೋದು ಮರೀತಿದ್ದಾರೆ ಅಂತ ಕಾಣುತ್ತೆ. ಬಹುಶಃ ಬರೆಯದೇ ಇರೋಕೆ ಇದೂ ಒಂದು ಕಾರಣ.

ನಾನು ಕೇಳ್ತಿರೋದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು. "ವೃಷಣಕ್ಕೆ ಬಿದ್ದ ವಿಕಿರಣ: ಇಷ್ಟು ಗ್ರೇ, ಅಳೆದದ್ದು." ಅಥವಾ "ಅಂಡಾಶಯಕ್ಕೆ: ಇಷ್ಟು, ಕೋಷ್ಟಕದಿಂದ." ಕ್ಯಾನ್ಸರ್ ಅಲ್ಲದ ಕಾಯಿಲೆಗೆ, ಹೊಟ್ಟೆಯ ಕೆಳಗಿನಿಂದ ತೊಡೆಯವರೆಗೆ ಎಲ್ಲೇ ಕೊಟ್ಟರೂ, ಮಕ್ಕಳಾಗೋ ವಯಸ್ಸಿನವರಿಗೆಲ್ಲ. ಸಹಿ ಹಾಕಿಸೋ ಕಾಗದ ಕನ್ನಡದಲ್ಲಿರಲಿ, ಅದರಲ್ಲಿ ಮಕ್ಕಳ ಮಾತು ಇರಲಿ. ಅಣುಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ, ಸಿಬ್ಬಂದಿಯ ಬ್ಯಾಡ್ಜನ್ನು ಕಡ್ಡಾಯ ಮಾಡೋಕೆ ಆದದ್ದು ಇದಕ್ಕೂ ಆಗುತ್ತೆ.

ಅಲ್ಲಿಯವರೆಗೆ ನೀವೇ ಮಾಡಬಹುದಾದದ್ದು ಒಂದಿದೆ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರೇ ವರ್ಷ. ಆಮೇಲೆ ರದ್ದಿಗೆ ಹಾಕಿದರೂ ಕೇಳೋ ಹಾಗಿಲ್ಲ. ನಮ್ಮ ಹುಡುಗನ ಫೈಲನ್ನು ನಾವು ಎರಡು ವರ್ಷ ಒಂಬತ್ತನೇ ತಿಂಗಳಿಗೆ ಹೋಗಿ ತಂದ್ವಿ. ಕೌಂಟರಿನಲ್ಲಿದ್ದಾತ "ಇದೆಲ್ಲ ಯಾಕೆ ಸಾರ್" ಅಂತ ಮೂರು ಸಲ ಕೇಳಿದ, ಕೊನೆಗೆ ಕೊಟ್ಟ. ಡಿಸ್ಚಾರ್ಜ್ ಸಮ್ಮರಿ ಅಲ್ಲ, ರೇಡಿಯೋಥೆರಪಿ ವಿಭಾಗದ ಟ್ರೀಟ್‌ಮೆಂಟ್ ಶೀಟ್ ಕೇಳಿ. ಅದರಲ್ಲಿ ನಾಲ್ಕು ವಿಷಯ ಇದೆಯಾ ನೋಡಿಕೊಳ್ಳಿ: ಕಿರಣದ ಬಲ ಎಷ್ಟು ಎಂವಿ, ಕಿಟಕಿಯ ಉದ್ದಗಲ, ಮಿಷನ್ ಯಾವ ಕೋನದಲ್ಲಿತ್ತು, ಎಷ್ಟು ಮಾನಿಟರ್ ಯೂನಿಟ್ ಕೊಟ್ಟರು. ಇಷ್ಟಿದ್ದರೆ ಯಾವ ಫಿಸಿಸಿಸ್ಟಾದರೂ ಬೊಂಬೆ ಮಲಗಿಸಿ ಮತ್ತೆ ಅಳೆಯಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸೊಂಟಕ್ಕೆ ಕರೆಂಟ್ ಕೊಟ್ಟಿದ್ದು ಮೂರು ವರ್ಷ ತುಂಬಿಲ್ಲ ಅಂದರೆ, ಆಧಾರ್ ಕಾರ್ಡ್ ಜೆರಾಕ್ಸ್ ಹಿಡಕೊಂಡು ಈ ವಾರವೇ ರೆಕಾರ್ಡ್ಸ್ ಸೆಕ್ಷನ್ನಿಗೆ ಹೋಗಿ. ಮಧ್ಯಾಹ್ನ ಹೋಗಬೇಡಿ, ಊಟಕ್ಕೆ ಹೋಗಿರ್ತಾರೆ.